ಹಳೆ ಟಾಪ್ ಲೋಡ್ ವಾಷಿಂಗ್ ಮಷೀನಿನ ಅಜಿಟೇಟರ್: ನೋಡಿ, ಅಳೆದು, ಬಿಚ್ಚಿ ಸರಿಮಾಡುವ ಸಮಗ್ರ ಮಾರ್ಗದರ್ಶಿ

ಮಷೀನು ಓಡುತ್ತದೆ. ಸದ್ದು ಸರಿಯಾಗಿದೆ, ನೀರೂ ತುಂಬುತ್ತದೆ. ಆದರೆ ಕಾಲರಿನ ಕೊಳೆ ಹೋಗುವುದಿಲ್ಲ. ಹಳೆ ಟಾಪ್ ಲೋಡ್ ಯಂತ್ರ ಇಟ್ಟುಕೊಂಡವರು ಹೀಗೆ ಹೇಳಿದಾಗ ನಾನು ಮೊದಲು ಕೇಳುವುದು ಒಂದೇ: ಒಗೆಯುವಾಗ ಮುಚ್ಚಳ ತೆಗೆದು ನೋಡಿದ್ದೀರಾ? ಹೆಚ್ಚಿನವರು ನೋಡಿರುವುದಿಲ್ಲ. ಸೋಪಿನ ಪುಡಿ ಬದಲಾಯಿಸಿರುತ್ತಾರೆ, ಮೋಟಾರಿನ ಮೇಲೆ ಅನುಮಾನ ಪಟ್ಟಿರುತ್ತಾರೆ. ಟಬ್ಬಿನ ನಡುವೆ ಅತ್ತಿತ್ತ ತಿರುಗುವ ಆ ಕಂಬದ, ಅಂದರೆ ಅಜಿಟೇಟರಿನ ಕಡೆ ಮಾತ್ರ ಯಾರ ಕಣ್ಣೂ ಹೋಗಿರುವುದಿಲ್ಲ.

ಅಜಿಟೇಟರ್ ಬಟ್ಟೆಯನ್ನು ಬಡಿಯುವುದಿಲ್ಲ. ಬಟ್ಟೆಯನ್ನು ಟಬ್ಬಿನೊಳಗೆ ಸುತ್ತಾಡಿಸುತ್ತದೆ. ಈ ಸುತ್ತಾಟ ಸರಿಯಿದ್ದರೆ ಒಗೆತ ಸರಿ, ಅದು ನಿಂತರೆ ಒಗೆತವೂ ನಿಂತಂತೆ. ಈ ಮಾರ್ಗದರ್ಶಿಯಲ್ಲಿ ಮೊದಲು ನೋಡುವುದನ್ನು ಹೇಳುತ್ತೇನೆ, ಆಮೇಲೆ ಅಳೆಯುವುದನ್ನು. ಪಾನಾ ಕೈಗೆತ್ತಿಕೊಳ್ಳುವುದು ಅದರ ನಂತರವೇ.

ಒಳಗೆ ನಡೆಯುವುದೇನು

ಅಜಿಟೇಟರಿಗೆ ಮೂರು ಭಾಗ. ನಡುವೆ ಕಂಬ, ಬುಡದಲ್ಲಿ ಅಗಲವಾಗಿ ಹರಡಿಕೊಂಡ ಸ್ಕರ್ಟ್, ಅದರ ಮೇಲೆ ಎದ್ದು ನಿಂತ ರೆಕ್ಕೆಗಳು. ರೆಕ್ಕೆ ಅತ್ತಿತ್ತ ತಿರುಗಿದಾಗ ಬುಡದ ನೀರು ಹೊರಗಡೆ ನೂಕಿಸಿಕೊಳ್ಳುತ್ತದೆ. ಅದು ಟಬ್ಬಿನ ಗೋಡೆಗೆ ತಾಗಿ ಮೇಲೇರುತ್ತದೆ. ನಡುವೆ ಖಾಲಿಯಾದ ಜಾಗಕ್ಕೆ ಮೇಲಿನ ನೀರು ಕಂಬದ ಪಕ್ಕದಲ್ಲೇ ಇಳಿಯುತ್ತದೆ. ಗಾಳಿ ತುಂಬಿದ ಟ್ಯೂಬೊಂದು ನಿಂತಲ್ಲೇ ಒಳಮುಖವಾಗಿ ಮಗುಚುತ್ತಾ ಇದ್ದರೆ ಹೇಗೋ, ಹಾಗೆ. ಬಟ್ಟೆಯೂ ಅದೇ ದಾರಿ ಹಿಡಿಯುತ್ತದೆ: ನಡುವೆ ಕೆಳಗೆ, ಬುಡದಲ್ಲಿ ಹೊರಗೆ, ಗೋಡೆಗುಂಟ ಮೇಲೆ, ಮೇಲಿನಿಂದ ಮತ್ತೆ ನಡುವಿಗೆ. ಇದನ್ನು ನಾನು ಮಗುಚಾಟ ಎನ್ನುತ್ತೇನೆ. ಬಟ್ಟೆ ಬಟ್ಟೆಗೆ ಉಜ್ಜಿ, ಮಡಚಿ, ನೀರು ನೂಲಿನ ನಡುವೆ ಹಾದು ಕೊಳೆ ಬಿಡುವುದು ಈ ದಾರಿಯುದ್ದಕ್ಕೂ.

ಮೊದಲ ಕಾಲದ ಹಲವು ಮಷೀನುಗಳಲ್ಲಿ ಬಟ್ಟೆ ಕಡೆಯುವ ಸಾಧನ ಮುಚ್ಚಳದಿಂದ ಕೆಳಕ್ಕೆ ನೇತಾಡುತ್ತಿತ್ತು. ಮೇಟ್ಯಾಗ್ ಕಂಪನಿ 1922ರಲ್ಲಿ ತಂದ ಗೈರಾಫೋಮ್ ಯಂತ್ರದಲ್ಲಿ ಅಜಿಟೇಟರನ್ನು ಟಬ್ಬಿನ ಬುಡಕ್ಕೆ ಇಳಿಸಿದರು. ಬಟ್ಟೆಯನ್ನು ಎಳೆದಾಡುವ ಬದಲು ನೀರನ್ನು ಓಡಿಸುವುದು ಮುಖ್ಯವಾಯಿತು. 1947ರಿಂದ ಮಾರುಕಟ್ಟೆಗೆ ಬಂದ ಸ್ವಯಂಚಾಲಿತ ಟಾಪ್ ಲೋಡ್ ಯಂತ್ರಗಳಲ್ಲಿ ಹೆಚ್ಚಿನವು ಇದೇ ದಾರಿಯಲ್ಲಿ ನಡೆದವು.

ನಿಮ್ಮ ಹತ್ತಿರ ಇರುವುದು ಯಾವ ಜಾತಿ?

ನೇರ ರೆಕ್ಕೆಯದು ಎಲ್ಲಕ್ಕಿಂತ ಸರಳ. ಹಳೆ ಮೇಟ್ಯಾಗ್ ಯಂತ್ರಗಳಲ್ಲಿ ಇದನ್ನು ನೋಡಬಹುದು. ಚಲಿಸುವ ಬಿಡಿ ಭಾಗವೇ ಇಲ್ಲ, ಹಾಗಾಗಿ ಕೆಡುವುದೂ ಕಡಿಮೆ. ಜನರಲ್ ಎಲೆಕ್ಟ್ರಿಕ್ ಯಂತ್ರಗಳ ಆಕ್ಟಿವೇಟರಿನಲ್ಲಿ ಕಂಬದ ಸುತ್ತ ಇಳಿಜಾರು ಸುರುಳಿ ಇರುತ್ತದೆ. ಅದೇ ಕಂಪನಿಯ ಫಿಲ್ಟರ್ ಫ್ಲೋ ಯಂತ್ರಗಳಲ್ಲಿ ಕಂಬದ ತಲೆಯ ಮೇಲೊಂದು ತೂತಿನ ತಟ್ಟೆ ಕೂರುತ್ತದೆ. ಪಂಪು ನೀರನ್ನು ಮೇಲೆತ್ತಿ ಅದರೊಳಗೆ ಸುರಿಯುತ್ತದೆ, ಬಟ್ಟೆಯ ನಾರು ಅಲ್ಲೇ ನಿಲ್ಲುತ್ತದೆ.

ಎರಡು ತುಂಡಿನ ಡ್ಯುಯಲ್ ಆಕ್ಷನ್ ವರ್ಲ್‌ಪೂಲ್ ಮತ್ತು ಕೆನ್‌ಮೋರ್ ಯಂತ್ರಗಳಲ್ಲಿ ಜಾಸ್ತಿ. ಕೆಳಗಿನ ಭಾಗ ಅತ್ತಿತ್ತ ತಿರುಗುತ್ತದೆ. ಮೇಲಿನ ಸುರುಳಿ ಒಂದೇ ದಿಕ್ಕಿಗೆ, ಸ್ಕ್ರೂ ತಿರುಗಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ತಿರುಗಿ ಬಟ್ಟೆಯನ್ನು ಕೆಳಕ್ಕೆ ತಳ್ಳುತ್ತದೆ. ಬಟ್ಟೆ ಜಾಸ್ತಿ ಹಾಕುವ ಮನೆಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಕಡಿಮೆ ಬಟ್ಟೆಗೆ ನೇರ ರೆಕ್ಕೆಯೇ ಸಾಕು.

ಇನ್ನೊಂದು ಪಂಗಡ ಪೂರಾ ಬೇರೆ. 1947ರ ಫ್ರಿಜಿಡೇರ್ ಯಂತ್ರದಲ್ಲಿ ಅಜಿಟೇಟರ್ ತಿರುಗುವುದೇ ಇಲ್ಲ, ಮೇಲೆ ಕೆಳಗೆ ಕುಣಿಯುತ್ತದೆ. ನಿಮ್ಮದು ಆ ಬಗೆಯದಾದರೆ ಕೆಳಗಿನ ಮಗುಚಾಟದ ಪರೀಕ್ಷೆಯನ್ನು (ಹಂತ 1) ಮಾಡಿ. ಬಿಚ್ಚುವ ವಿಧಾನವನ್ನು ಮಾತ್ರ ಅದಕ್ಕೆ ಅನ್ವಯಿಸಬೇಡಿ.

ಹಂತ 1: ಕೆಂಪು ಟವೆಲ್ ಪರೀಕ್ಷೆ

ಇದಕ್ಕೆ ಉಪಕರಣ ಬೇಡ. ಬಣ್ಣ ಬಿಡದ ಒಂದು ಕೆಂಪು ಕೈ ಟವೆಲ್, ಉಳಿದಂತೆ ತಿಳಿ ಬಣ್ಣದ ಟವೆಲ್, ಶರ್ಟು ಸೇರಿಸಿ ಮಾಮೂಲಿ ಅಳತೆಯ ಬಟ್ಟೆ. ಬೆಡ್‌ಶೀಟ್ ಬೇಡ, ಅದು ಕಂಬಕ್ಕೆ ಸುತ್ತಿಕೊಂಡು ಲೆಕ್ಕ ಕೆಡಿಸುತ್ತದೆ. ಬಟ್ಟೆಯನ್ನು ಕಂಬದ ಸುತ್ತ ಸಡಿಲವಾಗಿ ಉದುರಿಸಿ. ಒತ್ತಬೇಡಿ, ಸುತ್ತಬೇಡಿ. ನೀರು ಪೂರಾ ತುಂಬಲಿ. ಈ ಬಾರಿ ಸೋಪು ಹಾಕಬೇಡಿ, ನೊರೆ ಇದ್ದರೆ ಏನೂ ಕಾಣುವುದಿಲ್ಲ.

ಹೆಚ್ಚಿನ ಹಳೆ ಅಮೆರಿಕನ್ ಯಂತ್ರಗಳಲ್ಲಿ ಮುಚ್ಚಳ ತೆಗೆದಿದ್ದರೂ ಅಜಿಟೇಟರ್ ಓಡುತ್ತದೆ, ಸ್ಪಿನ್ ಮಾತ್ರ ನಿಲ್ಲುತ್ತದೆ. ಕೈ ಒಳಗೆ ಹಾಕದೆ ಸುಮ್ನೆ ನಿಂತು ನೋಡಿ. ತೋಳು, ಸೆರಗು, ಕೂದಲು ದೂರ ಇರಲಿ.

ಕೆಂಪು ಟವೆಲ್ ನಡುವಿಗೆ ಬಂದು ಕಂಬದ ಪಕ್ಕದಲ್ಲಿ ಮುಳುಗುತ್ತದೆ. ಆ ಕ್ಷಣದಿಂದ ಗಡಿಯಾರ ನೋಡಿ. ಗೋಡೆಯ ಕಡೆಯಿಂದ ಮತ್ತೆ ಮೇಲೆ ಬಂದಾಗ ನಿಲ್ಲಿಸಿ. ಮೂರು ಸಲ ಬರೆದುಕೊಳ್ಳಿ. ನನ್ನ ಅನುಭವದ ಲೆಕ್ಕ ಹೀಗಿದೆ: 12 ನಿಮಿಷದ ಒಗೆತದಲ್ಲಿ ಅದು ಕನಿಷ್ಠ ನಾಲ್ಕು ಸಲ ಮುಖ ತೋರಿಸಬೇಕು. ಮುಳುಗಿದ್ದು ಬರಲೇ ಇಲ್ಲ ಅಂದರೆ ಬುಡದಲ್ಲಿ ಬಟ್ಟೆ ಸಿಕ್ಕಿ ನಿಂತಿದೆ. ಮುಳುಗದೆ ಮೇಲೆ ಒಂದೇ ಕಡೆ ಅಲ್ಲಾಡುತ್ತಾ ಇದ್ದರೆ ನೀರು ಓಡುತ್ತಿಲ್ಲ, ಅಥವಾ ಬಟ್ಟೆ ಅತಿಯಾಗಿದೆ.

ಹಾಗೆ ಆದರೆ ಏನನ್ನೂ ಬಿಚ್ಚುವ ಮೊದಲು ಮೂರನೇ ಒಂದು ಭಾಗ ಬಟ್ಟೆ ತೆಗೆದು ಮತ್ತೆ ನೋಡಿ. ಈ ಒಂದು ಕೆಲಸದಿಂದಲೇ ಎಷ್ಟೋ ಯಂತ್ರಗಳು 'ರಿಪೇರಿ' ಆಗುತ್ತವೆ. ನೀರಿನ ಮಟ್ಟವನ್ನೂ ನೋಡಿ. ಬಟ್ಟೆ ನೀರಿನಲ್ಲಿ ತೇಲಬೇಕು. ನೀರು ಉಳಿಸಲು ಮಟ್ಟ ಇಳಿಸಿದರೆ ಈ ಯಂತ್ರಗಳಲ್ಲಿ ಬಟ್ಟೆ ಮಗುಚುವುದಿಲ್ಲ, ತಿರುಚಿಕೊಳ್ಳುತ್ತದೆ.

ಹಂತ 2: ಬೀಸು ಎಣಿಸುವುದು

ಅಜಿಟೇಟರ್ ಒಂದು ಕಡೆಗೆ ಹೋಗುವುದನ್ನು ಒಂದು ಬೀಸು ಎನ್ನೋಣ. ಹೋಗಿ ಬಂದರೆ ಒಂದು ಜೋಡಿ. ರೆಕ್ಕೆಯ ತುದಿಗೆ ಬಣ್ಣದ ಟೇಪು ಅಂಟಿಸಿ. ಟಬ್ಬಿನ ಅಂಚಿಗೆ ಗಡಿಯಾರದ ಹಾಗೆ 12 ಗುರುತು ಹಾಕಿ. ಒಂದು ಗುರುತಿಂದ ಇನ್ನೊಂದಕ್ಕೆ 30 ಡಿಗ್ರಿ. ಬಟ್ಟೆ ಇಲ್ಲದೆ, ನೀರು ತುಂಬಿಸಿ ಓಡಿಸಿ. 15 ಸೆಕೆಂಡಿನಲ್ಲಿ ಎಷ್ಟು ಜೋಡಿ ಆಯಿತು ಎಣಿಸಿ, ನಾಲ್ಕರಿಂದ ಗುಣಿಸಿ. ಬೀಸು ಎಷ್ಟು ಗುರುತು ದಾಟುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ. ಆಮೇಲೆ ಬಟ್ಟೆ ಹಾಕಿ ಮತ್ತೆ ಎಣಿಸಿ.

ಖಾಲಿ ನೀರಿನಲ್ಲಿ ಬಂದ ಲೆಕ್ಕವೇ ಬಟ್ಟೆ ಇದ್ದಾಗಲೂ ಬಂದರೆ ಯಂತ್ರದ ಬಲ ಸರಿಯಾಗಿ ತಲುಪುತ್ತಿದೆ. ಬಟ್ಟೆ ಹಾಕಿದ ಕೂಡಲೇ ಜೋಡಿ ಕಡಿಮೆಯಾದರೆ ಬೆಲ್ಟ್ ಜಾರುತ್ತಿದೆ, ಇಲ್ಲವೇ ಮೋಟಾರು ಸೋಲುತ್ತಿದೆ. ಜೋಡಿ ಅಷ್ಟೇ ಇದ್ದು ಬೀಸಿನ ಅಗಲ ಮಾತ್ರ ಕುಗ್ಗಿದರೆ ಅಜಿಟೇಟರಿನ ಒಳಹಲ್ಲು (ಕಂಬದ ಒಳಗಿನ ಏಣುಗಳು) ಸವೆದು, ಅದನ್ನು ತಿರುಗಿಸುವ ದಂಡದ, ಅಂದರೆ ಶಾಫ್ಟಿನ ಮೇಲೆ ಜಾರುತ್ತಿದೆ. ಈ ವ್ಯತ್ಯಾಸ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲೇ ಒಂದು ಲೆಕ್ಕ ಹೇಳಬೇಕು. ಅಗಲ ಬೀಸಿನ ನಿಧಾನ ಯಂತ್ರ ಮೇಲೋ, ಚಿಕ್ಕ ಬೀಸಿನ ಚುರುಕು ಯಂತ್ರ ಮೇಲೋ ಎಂಬ ವಾದ ಹಳೆಯದು. ರೆಕ್ಕೆಯ ತುದಿ ನಡುವಿನಿಂದ 15 ಸೆಂಟಿಮೀಟರ್ ದೂರ ಇದೆ ಅಂದುಕೊಳ್ಳಿ. ಬೀಸು 180 ಡಿಗ್ರಿ, ನಿಮಿಷಕ್ಕೆ 60 ಜೋಡಿ. ಆಗ ತುದಿ ಒಂದು ಬೀಸಿಗೆ ಸುಮಾರು 47 ಸೆಂಟಿಮೀಟರ್ ಓಡುತ್ತದೆ, ನಿಮಿಷಕ್ಕೆ ಹತ್ತಿರಹತ್ತಿರ 56 ಮೀಟರ್. ಈಗ ಬೀಸನ್ನು 90 ಡಿಗ್ರಿಗೆ ಇಳಿಸಿ, ಜೋಡಿಯನ್ನು 120ಕ್ಕೆ ಏರಿಸಿ. ಓಡುವ ದೂರ ಅದೇ 56 ಮೀಟರ್. ಆದರೆ ದಿಕ್ಕು ಬದಲಿಸುವಾಗಿನ ಜರ್ಕು ಎರಡು ಪಟ್ಟು! ಬೀಸು ಅರ್ಧವಾದರೆ ಜರ್ಕೂ ಅರ್ಧವಾಗುತ್ತದೆ, ಆದರೆ ಜೋಡಿಯ ಎಣಿಕೆ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ. ಆ ಜರ್ಕು ಬಟ್ಟೆಯ ಹೊಲಿಗೆಗೂ ಬೀಳುತ್ತದೆ, ಗೇರಿನ ಹಲ್ಲಿಗೂ ಬೀಳುತ್ತದೆ.

ಹಾಗಾಗಿ ನನಗೆ ಅಗಲ ಬೀಸಿನ ಯಂತ್ರಗಳೇ ಇಷ್ಟ. ಸ್ಪೀಡ್ ಕ್ವೀನ್ ತನ್ನ 210 ಡಿಗ್ರಿ ಬೀಸನ್ನು ಜಾಹೀರಾತಿನಲ್ಲಿ ಹೇಳಿಕೊಂಡಿದ್ದು ಸುಮ್ನೆ ಅಲ್ಲ. ಜೀನ್ಸಿನಂಥ ದಪ್ಪ ಬಟ್ಟೆಗೆ ಮಾತ್ರ ಚುರುಕು ಬೀಸು ಒಳ್ಳೆಯ ಕೆಲಸ ಮಾಡುತ್ತದೆ ಅನ್ನುವುದನ್ನು ಒಪ್ಪಲೇಬೇಕು.

ಇನ್ನೊಂದು ವಿಷಯ. 60 ಹರ್ಟ್ಸ್ ವಿದ್ಯುತ್ತಿಗೆ ಮಾಡಿದ ಯಂತ್ರವನ್ನು 50 ಹರ್ಟ್ಸ್ ಇರುವ ಕಡೆ ಓಡಿಸಿದರೆ ಬೀಸಿನ ಎಣಿಕೆ ಸುಮಾರು ಆರನೇ ಒಂದು ಭಾಗ ಇಳಿಯುತ್ತದೆ. 60 ಜೋಡಿ ಇದ್ದದ್ದು 50 ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಹೋಗುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಮೋಟಾರೂ ಜಾಸ್ತಿ ಕಾಯುತ್ತದೆ. ಇದು ಅಜಿಟೇಟರಿನ ದೋಷ ಅಲ್ಲ.

ಹಂತ 3: ತಪ್ಪು ಅಜಿಟೇಟರಿನದೋ, ಕೆಳಗಿನದೋ

ಅಜಿಟೇಟರ್ ತಿರುಗುವುದೇ ಇಲ್ಲ ಅಂದರೆ ಉಳಿದ ಕೆಲಸಗಳನ್ನು ನೋಡಿ. ವರ್ಲ್‌ಪೂಲ್ 1980ರ ದಶಕದಲ್ಲಿ ತಂದ ಬೆಲ್ಟ್ ಇಲ್ಲದ ಡೈರೆಕ್ಟ್ ಡ್ರೈವ್ ಯಂತ್ರಗಳಲ್ಲಿ ಪಂಪು ಮೋಟಾರಿಗೇ ಅಂಟಿಕೊಂಡಿದೆ. ನೀರು ಹೊರಹೋಗುತ್ತದೆ, ಆದರೆ ಒಗೆತವೂ ಇಲ್ಲ ಸ್ಪಿನ್ನೂ ಇಲ್ಲ ಅಂದರೆ ಮೋಟಾರು ಮತ್ತು ಗೇರ್ ಬಾಕ್ಸ್ ನಡುವಿನ ಪ್ಲಾಸ್ಟಿಕ್ ಕಪ್ಲರ್ ಮುರಿದಿರುವ ಸಾಧ್ಯತೆಯೇ ಹೆಚ್ಚು. ಸ್ಪಿನ್ ಆಗುತ್ತದೆ, ಒಗೆತ ಮಾತ್ರ ಇಲ್ಲ ಅಂದರೆ ಒಳಹಲ್ಲು ಅಥವಾ ಗೇರ್.

ಅದಕ್ಕೂ ಹಿಂದಿನ ಬೆಲ್ಟಿನ ವರ್ಲ್‌ಪೂಲ್‌ಗಳಲ್ಲಿ ವಿಗ್‌ವ್ಯಾಗ್ ಎಂಬ ಭಾಗ ಇದೆ. ಅದರ ಒಂದು ಕಾಯಿಲ್ ಒಗೆತಕ್ಕೆ, ಇನ್ನೊಂದು ಸ್ಪಿನ್ನಿಗೆ. ಅದು ಸದಾ ಅತ್ತಿತ್ತ ಅಲ್ಲಾಡುವುದರಿಂದ ವೈರು ಮಡಚಿ ಮಡಚಿ ತುಂಡಾಗುತ್ತದೆ. ಹೊರಗಿನ ಹೊದಿಕೆ ಚೆನ್ನಾಗೇ ಇರುತ್ತದೆ, ಒಳಗಿನ ತಂತಿ ಹೋಗಿರುತ್ತದೆ. ಮೇಟ್ಯಾಗ್‌ಗಳಲ್ಲಿ ಮೋಟಾರು ಸ್ಪ್ರಿಂಗ್ ಹಿಡಿತದಲ್ಲಿ ಜಾರುವ ತಟ್ಟೆಯ ಮೇಲೆ ಕೂತಿದೆ. ಆ ಜಾರು ಜಾಗ ಒಣಗಿ ತುಕ್ಕು ಹಿಡಿದರೆ ಹೊಸ ಬೆಲ್ಟ್ ಹಾಕಿದರೂ ಜಾರುತ್ತದೆ.

ಹಂತ 4: ಬಿಚ್ಚುವುದು

ಪ್ಲಗ್ ಕಿತ್ತು ಕೈಗೆ ಕಾಣುವ ಕಡೆ ಇಡಿ. ನೀರಿನ ನಲ್ಲಿ ಮುಚ್ಚಿ. ಮೋಟಾರಿನ ಕಡೆ ಹೋಗುವುದಾದರೆ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು, ಅದರ ತುದಿಗಳನ್ನು ಮುಟ್ಟಬೇಡಿ.

ಡ್ಯುಯಲ್ ಆಕ್ಷನ್ ಇರುವ ಡೈರೆಕ್ಟ್ ಡ್ರೈವ್ ಯಂತ್ರದಲ್ಲಿ ತಲೆಯ ಮೇಲಿನ ಸಾಫ್ಟನರ್ ಬಟ್ಟಲನ್ನು ಎಳೆದು ತೆಗೆಯಿರಿ. ಒಳಗೆ ಇನ್ನೊಂದು ಮುಚ್ಚಳ ಇರುತ್ತದೆ, ಸಂದಿಗೆ ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ ಮೆಲ್ಲಗೆ ಎತ್ತಿ. ಕೆಳಗೆ ಆಳದಲ್ಲಿ ಒಂದು ಬೋಲ್ಟ್ ಕಾಣುತ್ತದೆ. ಅದಕ್ಕೆ 7/16 ಇಂಚಿನ ಸಾಕೆಟ್, ಜೊತೆಗೆ ಉದ್ದನೆಯ ಎಕ್ಸ್‌ಟೆನ್ಷನ್ ಬೇಕು. ಬೋಲ್ಟ್ ಬಂದ ಮೇಲೆ ಅಜಿಟೇಟರನ್ನು ನೇರ ಮೇಲಕ್ಕೆ ಎತ್ತಿ.

ಹಳೆ ಮೇಟ್ಯಾಗ್‌ಗಳಲ್ಲಿ ಸಾಮಾನ್ಯವಾಗಿ ಬೋಲ್ಟ್ ಇಲ್ಲ, ಸೀದಾ ಎಳೆಯಬೇಕು. ಸ್ಕರ್ಟಿನ ಹತ್ತಿರ ಸ್ಕ್ರೂ ಏನಾದರೂ ಇದೆಯಾ ಎಂದು ಬೆರಳಾಡಿಸಿ ನೋಡಿಕೊಂಡೇ ಎಳೆಯಿರಿ.

ಬರಲಿಲ್ಲವೇ? ಹತ್ತಾರು ವರ್ಷ ಕೂತಿದ್ದು ಒಂದು ಎಳೆತಕ್ಕೆ ಬರುವುದಿಲ್ಲ. ಬಿಸಿ ನೀರನ್ನು ಸ್ಕರ್ಟ್ ಮುಳುಗುವಷ್ಟು ತುಂಬಿಸಿ ಅರ್ಧ ಗಂಟೆ ಬಿಡಿ. ಪ್ಲಾಸ್ಟಿಕ್ ಹಿಗ್ಗುತ್ತದೆ, ಸೋಪಿನ ಕರೆ ಮೆತ್ತಗಾಗುತ್ತದೆ. ನೀರು ಖಾಲಿ ಮಾಡಿ ಪ್ಲಗ್ ಮತ್ತೆ ಕಿತ್ತು, ಸ್ಕರ್ಟಿನ ಕೆಳಗೆ ಎರಡೂ ಬದಿಯಲ್ಲಿ ಹಗ್ಗ ಹಾಕಿ ಸಮವಾಗಿ ಮೇಲಕ್ಕೆ ಎಳೆಯಿರಿ. ಎಳೆಯುತ್ತಾ ಇರುವಾಗಲೇ ಕಂಬದ ಪಕ್ಕಕ್ಕೆ ರಬ್ಬರ್ ಸುತ್ತಿಗೆಯಿಂದ ಚಿಕ್ಕ ಏಟು ಕೊಟ್ಟರೆ ಕೆಲವೊಮ್ಮೆ ಟಕ್ ಎಂದು ಬಿಡುತ್ತದೆ.

ಕಪ್ಪು ಬೇಕಲೈಟ್ (ಹಳೆ ಕಾಲದ ಗಟ್ಟಿ ಪ್ಲಾಸ್ಟಿಕ್) ಅಜಿಟೇಟರ್ ಆದರೆ ಹೆಚ್ಚು ಜೋಪಾನ. ನಾನೊಮ್ಮೆ ಒಂದೇ ಬದಿಯಿಂದ ಮೀಟಿದೆ. ಬೆರಳಗಲದ ತುಂಡು ಗಾಜಿನ ಹಾಗೆ ಎಗರಿ ಟಬ್ಬಿನ ಬುಡಕ್ಕೆ ಬಿತ್ತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ಬೇಕಲೈಟ್ ಬಾಗುವುದಿಲ್ಲ, ಒಡೆಯುತ್ತದೆ. ಒಮ್ಮೆ ಒಡೆದರೆ ಅಂಟು ಹಾಕಿದರೂ ಬಿಸಿ ನೀರು, ಜರ್ಕು ಎರಡನ್ನೂ ತಡೆಯುವುದಿಲ್ಲ. ತಣ್ಣಗಿನ ಬೇಕಲೈಟಿಗೆ ಕುದಿಯುವ ನೀರನ್ನು ಸುರಿಯಲೂ ಬೇಡಿ, ಬಿಸಿಯನ್ನು ನಿಧಾನಕ್ಕೆ ಏರಿಸಿ.

ಅಲ್ಯೂಮಿನಿಯಂ ಆಗಿದ್ದರೆ ಕಷ್ಟ ಬೇರೆ ತರಹ. ಉಕ್ಕಿನ ಶಾಫ್ಟ್ ಮತ್ತು ಅಲ್ಯೂಮಿನಿಯಂ ಒದ್ದೆಯಲ್ಲಿ ಕೂತು ಬಿಳಿ ಪುಡಿಯಂಥ ತುಕ್ಕು ಕಟ್ಟಿಕೊಂಡು ಗಟ್ಟಿ ಹಿಡಿದಿರುತ್ತವೆ. ತುಕ್ಕು ಬಿಡಿಸುವ ಎಣ್ಣೆಯನ್ನು ಮೇಲಿನಿಂದ ಬಿಟ್ಟು ಒಂದು ರಾತ್ರಿ ಕಾಯಿರಿ. ಬೇಕಾದರೆ ಎರಡು ರಾತ್ರಿ.

ಹಂತ 5: ತೊಳೆದು, ಬೆರಳಲ್ಲಿ ಮುಟ್ಟಿ ನೋಡುವುದು

ಅಜಿಟೇಟರ್ ತಲೆಕೆಳಗು ಮಾಡಿ. ಒಳಗೆ ಬೂದು ಬಣ್ಣದ ಜಿಗುಟು ಪದರ ಕಾಣುತ್ತದೆ. ಸೋಪು, ನಾರು, ಗಡಸು ನೀರಿನ ಸುಣ್ಣ ಎಲ್ಲ ಸೇರಿದ್ದು ಅದು. ಅದರ ನಡುವೆ ಹೇರ್‌ಪಿನ್ನು, ಗುಂಡಿ, ನಾಣ್ಯ ಸಿಗುವುದು ಮಾಮೂಲು. ಪ್ಲಾಸ್ಟಿಕ್ ಆದರೆ ಬಿಸಿ ನೀರು, ಸೋಪು, ಬ್ರಷ್ ಸಾಕು. ಸುಣ್ಣದ ಪದರಕ್ಕೆ ವಿನೆಗರ್ ಹಚ್ಚಿ ಬಿಡಿ. ಅಲ್ಯೂಮಿನಿಯಮ್ಮಿಗೆ ವಾಷಿಂಗ್ ಸೋಡಾದಂಥ ಕ್ಷಾರ ವಸ್ತು ಬೇಡವೇ ಬೇಡ, ಕಪ್ಪಾಗಿ ಕೊರೆದುಹೋಗುತ್ತದೆ.

ಈಗ ನೋಡಬೇಕಾದ್ದು ಒಳಹಲ್ಲು. ಟಾರ್ಚ್ ಹಿಡಿದು ಕಂಬದ ಒಳಗೆ ನೋಡಿ. ಚೂಪಾದ ಏಣುಗಳು ಸಾಲಾಗಿ ನಿಂತಿದ್ದರೆ ಒಳ್ಳೆಯದು. ತುದಿ ದುಂಡಗಾಗಿ ಹೊಳೆಯುತ್ತಿದ್ದರೆ, ಕೆಳಗೆ ಪ್ಲಾಸ್ಟಿಕ್ ಪುಡಿ ಸೇರಿದ್ದರೆ ಅದು ಸವೆದಿದೆ. ಇನ್ನೂ ಅನುಮಾನವೇ? ಅಜಿಟೇಟರನ್ನು ಮತ್ತೆ ಶಾಫ್ಟಿನ ಮೇಲೆ ಕೂರಿಸಿ ಕೈಯಲ್ಲಿ ತಿರುಚಿ. ಕೂದಲೆಳೆಯಷ್ಟು ಆಟ ಇದ್ದರೆ ಪರವಾಗಿಲ್ಲ. ಶಾಫ್ಟ್ ನಿಂತಿದ್ದು ಅಜಿಟೇಟರ್ ಕರಕರ ಎಂದು ಹಲ್ಲು ದಾಟಿದರೆ ಬದಲಿಸಲೇಬೇಕು. ಟೇಪು ಸುತ್ತುವುದು, ಅಂಟು ತುಂಬುವುದು ಇಲ್ಲಿ ನಡೆಯುವುದಿಲ್ಲ.

ರೆಕ್ಕೆಗಳಿಗೆ ನನ್ನ ಪರೀಕ್ಷೆ ಹಳೆಯ ನೈಲಾನ್ ಕಾಲುಚೀಲ. ಅದನ್ನು ಕೈಗೆ ಹಾಕಿಕೊಂಡು ಪ್ರತಿ ರೆಕ್ಕೆಯ ಅಂಚಿನ ಮೇಲೆ, ಸ್ಕರ್ಟಿನ ಸುತ್ತ ನಿಧಾನಕ್ಕೆ ಸವರಿ. ಕಣ್ಣಿಗೆ ಕಾಣದ ಮುಳ್ಳೂ ನೂಲನ್ನು ಹಿಡಿಯುತ್ತದೆ. ಹಿಡಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, 400 ನಂಬರಿನ ನೀರು ಮರಳು ಕಾಗದದಿಂದ ಉಜ್ಜಿ, 600ರಿಂದ ನಯ ಮಾಡಿ. ನಿಮ್ಮ ಶರ್ಟುಗಳಲ್ಲಿ ಚಿಕ್ಕ ಚಿಕ್ಕ ತೂತು ಬೀಳುತ್ತಿದ್ದರೆ ಕಾರಣ ಇಲ್ಲೇ ಇರಬಹುದು.

ಹಂತ 6: ಡ್ಯುಯಲ್ ಆಕ್ಷನ್ನಿನ ಡಾಗ್‌ಗಳು

ಮೇಲಿನ ಸುರುಳಿಯನ್ನು ಒಂದೇ ದಿಕ್ಕಿಗೆ ತಿರುಗಿಸುವುದು ನಾಲ್ಕು ಪುಟ್ಟ ಪ್ಲಾಸ್ಟಿಕ್ ಕೊಕ್ಕೆಗಳು. ರಿಪೇರಿಯವರು ಅವನ್ನು ಡಾಗ್ ಎನ್ನುತ್ತಾರೆ. ಒಂದು ದಿಕ್ಕಿನಲ್ಲಿ ಹಲ್ಲಿಗೆ ಸಿಕ್ಕಿ ಎಳೆಯುತ್ತವೆ, ಇನ್ನೊಂದರಲ್ಲಿ ಜಾರುತ್ತವೆ. ಬಿಚ್ಚದೆಯೇ ಪರೀಕ್ಷಿಸಬಹುದು. ಪ್ಲಗ್ ಕಿತ್ತು, ಕೆಳಗಿನ ಸ್ಕರ್ಟನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು ಮೇಲಿನ ಸುರುಳಿಯನ್ನು ಇನ್ನೊಂದರಲ್ಲಿ ತಿರುಗಿಸಿ. ಒಂದು ಕಡೆಗೆ ಕಟಕಟ ಎಂದು ಸಲೀಸಾಗಿ ತಿರುಗಬೇಕು, ಇನ್ನೊಂದು ಕಡೆಗೆ ತಕ್ಷಣ ನಿಲ್ಲಬೇಕು. ಎರಡೂ ಕಡೆಗೆ ತಿರುಗಿದರೆ ಡಾಗ್‌ಗಳು ಸವೆದಿವೆ. ಕೆಳಗೆ ಒಗೆಯುತ್ತಾ ಇರುತ್ತದೆ, ಮೇಲಿನ ಬಟ್ಟೆ ನಿಂತಲ್ಲೇ ನಿಂತಿರುತ್ತದೆ.

ಈ ಡಾಗ್‌ಗಳ ಬಿಡಿಭಾಗ ಸಂಖ್ಯೆ 80040. ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಕೊಕ್ಕೆಯ ಜೊತೆ ಅದು ಕೂರುವ ಕ್ಯಾಮೂ ಸವೆದಿದ್ದರೆ 285811 ಎಂಬ ಪೂರಾ ಕಿಟ್ ಹಾಕುವುದು ಮೇಲು. ನಿಮ್ಮ ಮಾದರಿಗೆ ಹೊಂದುತ್ತದೆಯೇ ಎಂದು ಮಾದರಿ ಸಂಖ್ಯೆ ಕೊಟ್ಟು ಖಚಿತ ಮಾಡಿಕೊಳ್ಳಿ. ಹಳೆಯದನ್ನು ತೆಗೆಯುವ ಮೊದಲು ಫೋನಿನಲ್ಲಿ ಒಂದು ಫೋಟೋ ತೆಗೆಯಿರಿ. ಕೊಕ್ಕೆಯ ಮುಖ ತಿರುಗುಮುರುಗಾದರೆ ಸುರುಳಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಡಾಗ್‌ಗೆ ಗ್ರೀಸ್ ಹಚ್ಚಬೇಡಿ, ನಾರು ಅಂಟಿಕೊಂಡು ಮತ್ತೆ ಜಾರಲು ಶುರುವಾಗುತ್ತದೆ.

ಹಂತ 7: ಮತ್ತೆ ಕೂರಿಸುವುದು

ಶಾಫ್ಟನ್ನು ಒರೆಸಿ ತುಕ್ಕು ತೆಗೆಯಿರಿ. ನೀರಿಗೆ ಬಗ್ಗದ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ, ಮುಂದಿನ ಸಲ ಬಿಚ್ಚುವವರಿಗೆ ಅದರಿಂದ ಬಹಳ ಉಪಕಾರ. ಒಳ ಮುಚ್ಚಳದ ರಬ್ಬರ್ ಓ-ರಿಂಗ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ನೀರು ಬೋಲ್ಟಿನ ಮೇಲೆ ನಿಂತು ತುಕ್ಕು ಹಿಡಿಸುತ್ತದೆ. ಅಜಿಟೇಟರ್ ಪೂರಾ ಕೆಳಗೆ ಕೂತಿದೆಯೇ ನೋಡಿ. ಕೈಯಲ್ಲಿ ತಿರುಗಿಸುತ್ತಾ ಸ್ಕರ್ಟ್ ಮತ್ತು ಬಾಸ್ಕೆಟ್ (ಬಟ್ಟೆ ಹಾಕುವ ಒಳಟಬ್ಬು) ನಡುವಿನ ಸಂದು ಸುತ್ತಲೂ ಒಂದೇ ಸಮ ಇದೆಯೇ ಗಮನಿಸಿ. ಒಂದು ಕಡೆ ಎದ್ದಿದ್ದರೆ ಅಲ್ಲಿಂದಲೇ ಕರ್ಚೀಫು, ಕಾಲುಚೀಲ ಒಳಗೆ ನುಗ್ಗುತ್ತವೆ. ಬೋಲ್ಟ್ ಬಿಗಿ ಮಾಡಿ, ಆದರೆ ಮೈಮೇಲೆ ಬಿದ್ದು ತಿರುವಬೇಡಿ.

ಹಂತ 8: ಮತ್ತೆ ಕೆಂಪು ಟವೆಲ್

ಮೊದಲು ಬರೀ ನೀರಲ್ಲಿ ಐದು ನಿಮಿಷ ಓಡಿಸಿ. ಕಿವಿ ಕೊಡಿ. ದಿಕ್ಕು ಬದಲಿಸುವಾಗ ಮೆತ್ತಗೆ ಗುಂಯ್ ಎನ್ನಬೇಕು, ಠಣ್ ಎನ್ನಬಾರದು. ಆಮೇಲೆ ಮೊದಲಿನಷ್ಟೇ ಬಟ್ಟೆ, ಮೊದಲಿನಷ್ಟೇ ನೀರು, ಅದೇ ಕೆಂಪು ಟವೆಲ್. ಜೋಡಿ ಎಣಿಸಿ, ಬೀಸು ಅಳೆಯಿರಿ, ಟವೆಲ್ ಮೇಲೆ ಬರುವ ಸಮಯ ಬರೆಯಿರಿ. ಕೊನೆಗೆ ಸೋಪು ಹಾಕಿ ಒಗೆದು ನೋಡಿ. ಸೋಪು ಕಡಿಮೆ ನೊರೆಯದಾಗಿರಲಿ. ನೊರೆ ದಪ್ಪವಾದರೆ ಬಟ್ಟೆ ದಿಂಬಿನ ಮೇಲೆ ಕೂತ ಹಾಗೆ ಆಗಿ, ಈಗ ತಾನೇ ಸರಿಮಾಡಿದ ಮಗುಚಾಟ ಮತ್ತೆ ನಿಲ್ಲುತ್ತದೆ.

ಬಂದ ಅಂಕಿಗಳನ್ನು ತಾರೀಕಿನ ಜೊತೆ ಒಂದು ಚೀಟಿಯಲ್ಲಿ ಬರೆದು, ಯಂತ್ರದ ಹಿಂದಿನ ತಗಡಿನ ಒಳಮುಖಕ್ಕೆ ಅಂಟಿಸಿ. ಆರು ತಿಂಗಳಿಗೊಮ್ಮೆ ಟವೆಲ್ ಹಾಕಿ ಆ ಚೀಟಿಯ ಜೊತೆ ಹೋಲಿಸಿ.